ಬದರಿಯ ಹೆಸರಿನ ಬೀಕನ್

೧೧ ಸೆಪ್ಟೆಂಬರ್ ೨೦೦೯, ಸೋಡರ್‌ಟೆಲ್ಯೆ

ಇಲ್ಲಿಯ ನೋಂದಣಿ ಆಫೀಸಿನಿಂದ ಮತ್ತೆ ಅದೇ ಉತ್ತರ. ಮೂರು ವಾಕ್ಯ, ಕೊನೆಯಲ್ಲಿ "ಸ್ನೇಹಪೂರ್ವಕ ವಂದನೆಗಳು". ಏನು ಸ್ನೇಹವೋ.

ಹೆಂಡತಿ ವೇದವತಿಯ ತಮ್ಮ ಬದರಿನಾಥ ಪರ್ತ್‌ನಿಂದ ಬರುವಾಗ ತಂದುಕೊಟ್ಟ ಬೀಕನ್. ಅಂಗೈಯಷ್ಟು ಹಳದಿ ಡಬ್ಬಿ. ಆಂಟೆನಾ ಎತ್ತಿ ಕೆಂಪು ಗುಂಡಿ ಒತ್ತಿದರೆ ಸಾಕು, ಮೊಬೈಲ್ ಸಿಗದ ಜಾಗದಿಂದಲೂ ಉಪಗ್ರಹಕ್ಕೆ ಕೂಗು ಮುಟ್ಟುತ್ತದೆ. ಆದರೆ ಒಳಗಿರುವುದು ಆಸ್ಟ್ರೇಲಿಯಾದ ಕೋಡ್, ನೋಂದಣಿ ಬದರಿಯ ಹೆಸರಿನಲ್ಲಿ. ಇಲ್ಲಿಯವರು ಹೇಳುತ್ತಾರೆ, ಅಲ್ಲೇ ನೋಂದಾಯಿಸಿ. ಅಲ್ಲಿಯವರು — ನೀವಿರುವುದು ಸ್ವೀಡನ್, ಕೋಡ್ ಬದಲಿಸಿಕೊಳ್ಳಿ. ಅಂಗಡಿಯವನು — ಕಂಪನಿಗೆ ಕಳಿಸಬೇಕು, ಕ್ರಿಸ್‌ಮಸ್ ಕಳೆದ ಮೇಲೆ ಬರುತ್ತದೆ.

ಮಗಳು ಹೊರಡುವುದು ಅಕ್ಟೋಬರ್‌ನಲ್ಲಿ. ಅವನಿ, ಲುಂಡ್‌ನಲ್ಲಿ ಓದುತ್ತಾಳೆ. ಥೀಸಿಸ್‌ಗಾಗಿ ಉತ್ತರದ ಬೆಟ್ಟಗಳಲ್ಲಿ ಹಿಮನದಿ ಅಳೆಯಬೇಕಂತೆ.

ದಾವಣಗೆರೆಯಲ್ಲಿ ಅಪ್ಪ ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ರೇಡಿಯೊ ಲೈಸೆನ್ಸಿಗೆ ಮುದ್ರೆ ಹಾಕಿಸುತ್ತಿದ್ದರು. ಹಾಡು ಕೇಳುವ ಪೆಟ್ಟಿಗೆಗೂ ಒಡೆಯನ ಹೆಸರು, ಬೀದಿ, ಮನೆ ನಂಬರ್ ಇತ್ತು. ಜೀವ ಉಳಿಸುವ ಪೆಟ್ಟಿಗೆಗೆ ನಮ್ಮ ಹೆಸರಿಲ್ಲ. ಇದು ಪರ್ಸೋನ್‌ನುಮ್ಮೆರ್ ಎಂಬ ಗುರುತಿನ ಸಂಖ್ಯೆ ಇಲ್ಲದೆ ನನಗೆ ಲೈಬ್ರರಿ ಕಾರ್ಡ್ ಕೊಡದ ದೇಶ. ಇಪ್ಪತ್ತೈದು ವರ್ಷವಾಯಿತು. ಮರೆತಿಲ್ಲ.

೧೪ ಸೆಪ್ಟೆಂಬರ್

ಬದರಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಆರಾಮ. "ನನ್ನ ಹೆಸರಲ್ಲೇ ಇರ್ಲಿ ಬಿಡಿ ಭಾವ. ಗುಂಡಿ ಒತ್ತಿದ್ರೆ ಅವರು ನನಗೆ ಫೋನ್ ಮಾಡ್ತಾರೆ, ನಾನು ನಿಮಗೆ ಮಾಡ್ತೀನಿ. ಸೇಮ್ ಥಿಂಗ್."

ಸೇಮ್ ಥಿಂಗ್ ಅಲ್ಲ. ಬೀಳುವವಳು ಇಲ್ಲಿ, ಗಂಟೆ ಬಾರಿಸುವುದು ಭೂಮಿಯ ಆ ತುದಿಯಲ್ಲಿ.

೨೭ ಸೆಪ್ಟೆಂಬರ್, ಭಾನುವಾರ

ಆಯುಧಪೂಜೆ. ಪಾರ್ಕಿಂಗ್‌ನಲ್ಲಿ ಕಾರಿಗೆ ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಬಾನೆಟ್ ಮೇಲೆ ನನ್ನ ಸ್ಪ್ಯಾನರ್ ಸೆಟ್, ಮನೆಗೆ ಬಂದಿದ್ದ ಅವನಿಯ ಲ್ಯಾಪ್‌ಟಾಪ್, ಜೊತೆಗೆ ಬೀಕನ್. ಹೂವು ಸಿಕ್ಕಿಸಲು ವೇದಾ ಆಂಟೆನಾ ಎತ್ತಿದಳು. ಬೊಟ್ಟಿಗೆ ಸರಿಯಾದ ಜಾಗ ಕೆಂಪು ಗುಂಡಿಯೇ ಅಂತ ಅನ್ನಿಸಿತಂತೆ. ಗಟ್ಟಿಯಾಗಿ ಒತ್ತಿದ್ದಾಳೆ.

ಮಂಗಳಾರತಿ ಮುಗಿದಿತ್ತು, ಬದರಿಯ ಫೋನ್. "ಭಾವ, ನಿಮ್ಮನೆ ಮುಂದೆ ಏನಾದ್ರೂ ಹಡಗು ಮುಳುಗ್ತಾ?"

ಬದರಿಗೆ ಆಸ್ಟ್ರೇಲಿಯಾದ ರಕ್ಷಣಾ ಕೇಂದ್ರದಿಂದ ಕರೆ ಬಂದಿತ್ತು. ನಮ್ಮ ಕಡೆ ಇವತ್ತು ಯಂತ್ರಗಳ ಹಬ್ಬ ಎಂದು ವಿವರಿಸಿದನಂತೆ. ಅವರು ನಕ್ಕು ಫೋನಿಟ್ಟರಂತೆ. ಬದರಿಗೂ ನಗು, ಮಗಳಿಗೂ ನಗು. ನನಗೆ ಮೈ ಉರಿಯಿತು. ಈ ಊರಿನ ಯಾರೂ ನನ್ನನ್ನು ಏನೂ ಕೇಳಲಿಲ್ಲ. ನಾನು ಯಾವ ಪಟ್ಟಿಯಲ್ಲೂ ಇಲ್ಲವಲ್ಲ.

೧೨ ಅಕ್ಟೋಬರ್

ಅವನಿ ರೈಲು ಹತ್ತಿದಳು. ಜೊತೆಗೆ ಹೋಗಬೇಕಿದ್ದ ಗೆಳತಿಗೆ ಜ್ವರ. ಒಬ್ಬಳೇ. ಹೋಗಬೇಡ ಅಂದೆ, ಬೈದೆ. "ಲುಗ್ನ್, ಪಪ್ಪಾ," ಎಂದು ಸಮಾಧಾನ ಮಾಡಿದಳು. ಬೀಕನ್ ಬ್ಯಾಗಿಗೆ ನಾನೇ ಹಾಕಿದೆ. ಗುಂಡಿಯ ಅಂಚಿನಲ್ಲಿ ಇನ್ನೂ ಕುಂಕುಮ.

ಆ ನೋಂದಣಿ ಆಫೀಸಿಗೆ ಇನ್ನೊಂದು ಪತ್ರ. ಈ ಸಲ ಸ್ನೇಹಪೂರ್ವಕ ಅಲ್ಲ.

೧೭ ಅಕ್ಟೋಬರ್, ಶನಿವಾರ

ದೀಪಾವಳಿ. ನಿನ್ನೆ ಬೆಟ್ಟದ ಗುಡಿಸಲಿನಿಂದ ಅವನಿಯ ಮೆಸೇಜ್ ಬಂದಿತ್ತು — ನಾಳೆ ಮೇಲಕ್ಕೆ, ಅಲ್ಲಿ ಸಿಗ್ನಲ್ ಇಲ್ಲ. ಪತ್ರಕ್ಕೆ ಉತ್ತರವಿಲ್ಲ.

ಸಂಜೆ ೫

ಬದರಿಯ ಫೋನ್. ಸ್ಪೀಕರ್‌ನಲ್ಲಿ ನಗುತ್ತಲೇ ಶುರುಮಾಡಿದ. "ಏನಕ್ಕ, ಇವತ್ತೂ ಬೊಟ್ಟಿಟ್ಯಾ? ಆಗ್ಲೇ ಬೀಕನ್‌ನವರಿಂದ ಮತ್ತೆ ಫೋನ್ ಬಂತು. ಹಬ್ಬ ಸರ್, ನಮ್ಮಕ್ಕ ಪೂಜೆಗೆ ಇಟ್ಟಿರ್ತಾಳೆ, ಡೋಂಟ್ ವರಿ ಅಂದೆ. ಮನೆ ತುಂಬ ಗೆಸ್ಟು, ನಿಮಗೆ ಮಾಡೋದು ಲೇಟಾಯ್ತು."

ವೇದಾಳ ಕೈಯಲ್ಲಿ ಎಣ್ಣೆ ಬಟ್ಟಲು. "ಅದು ಮನೇಲಿಲ್ಲ ಕಣೋ ಬದರಿ. ಅವನಿ ಹತ್ರ ಇದೆ."

"ಈಗ್ಲೇ ಅವರಿಗೆ ಮಾಡ್ತೀನಿ," ಅಂದವನೇ ಫೋನಿಟ್ಟ.

೫.೨೦

ಅವನಿಯ ಮೊಬೈಲ್ ಸಿಗುತ್ತಿಲ್ಲ. ಬದರಿ ಅಲ್ಲಿಯವರಿಗೆ ಮಾಡುತ್ತಿದ್ದಾನೆ, ನಾನು ಇಲ್ಲಿಯ ತುರ್ತು ನಂಬರಿಗೆ. ಹೆಸರು, ಬೆಟ್ಟ, ಜಾಕೆಟ್ಟಿನ ಬಣ್ಣ, ಎಲ್ಲ ಹೇಳಿದೆ. ಇಷ್ಟು ವರ್ಷ ಆಡಿದ ಸ್ವೀಡಿಷ್ ಬಾಯಲ್ಲಿ ನಿಲ್ಲುತ್ತಿಲ್ಲ. ಆಪರೇಟರ್ ಲೈನಿನಲ್ಲಿ ಕಾಯಲು ಹೇಳಿದ್ದಾಳೆ. ಕಾಯುತ್ತಾ ಬರೆಯುತ್ತಿದ್ದೇನೆ. ಕಿಟಕಿಯಲ್ಲಿ ವೇದಾ ಹಚ್ಚಿದ ಒಂದೇ ದೀಪ. ಹೊರಗೆ ಕತ್ತಲಾಗುತ್ತಿದೆ, ಅಲ್ಲಿ ಇನ್ನೂ ಬೇಗ...

ಆಪರೇಟರ್ ಮತ್ತೆ ಲೈನಿಗೆ ಬಂದಳು. ಕೇಳುತ್ತಿದ್ದಾಳೆ — ಬೀಕನ್ ಯಾರ ಹೆಸರಿನಲ್ಲಿದೆ?