ಮಾನಿಟರಿನ ಕೆಂಪು

ಮಾರ್ಚ್ 4, ಬೆಳಿಗ್ಗೆ 6
ಮತ್ತೆ ಅದೇ ಕನಸು. ತಾಳಿ ಕಟ್ಟುವಾಗ ವಿಡಿಯೊ ನಿಂತಿದೆ. ವರನ ಕೈ ಗಾಳಿಯಲ್ಲಿ. ಅಕ್ಕಿಕಾಳು ಹಿಡಿದ ಮಂದಿ ನನ್ನನ್ನೇ ನೋಡುತ್ತಿದ್ದಾರೆ... ಎದ್ದವಳೇ ಕಂಪ್ಯೂಟರ್ ಆನ್ ಮಾಡಿದೆ. ಎರಡು ಸಲ ತಾನೇ ಆಫ್ ಆಯಿತು. ನಾನು ಎಡಿಟ್ ಮಾಡಿಕೊಡಬೇಕಾದ ಯಶವಂತನಗರದ ದೇವಿಕಾಳ ಮದುವೆ ವಿಡಿಯೊ ಅದರೊಳಗಿದೆ. ಹೊರಗಿನ ಹಾರ್ಡ್‌ಡಿಸ್ಕ್‌ನಲ್ಲೂ ಕಾಪಿ ಇದೆ. ಇದೆ ತಾನೆ? ನೋಡಿದೆ. ಇದೆ.

ಸ್ಟುಡಿಯೊ ಮಲ್ಲಿಕಾರ್ಜುನ್ ಫೋನ್. "ಅನುಸೂಯಕ್ಕಾ, ಶುಕ್ರವಾರಕ್ಕ ಬೇಕ್ರಿ. ಆಗಂಗಿಲ್ಲಂದ್ರ ಈಗ ಹೇಳ್ರಿ, ಇನ್ಮ್ಯಾಲ ಎಲ್ಲಾ ಎಡಿಟಿಂಗ್ ಬಳ್ಳಾರಿಗೆ ಕೊಟ್‌ಬಿಡ್ತೀನಿ."
ಆಗುತ್ತದೆ ಅಂದೆ. ಹೇಗೆ?

ಮಾರ್ಚ್ 5, ಮಧ್ಯಾಹ್ನ
ಹೊಸಪೇಟೆಯ ಕಂಪ್ಯೂಟರ್ ಅಂಗಡಿ. ಅಂಗಡಿಯ ರಾಯಣ್ಣ ರ‍್ಯಾಮ್ ಅಂದ, ಗ್ರಾಫಿಕ್ಸ್ ಕಾರ್ಡ್ ಅಂದ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಬಟನ್ ಮೇಲಿನ ಇಂಗ್ಲಿಷ್ ಓದಿ ಒತ್ತುವುದಿಲ್ಲ, ಜಾಗ ನೋಡಿ ಒತ್ತುತ್ತೇನೆ. ಹೊಸ ಸಾಫ್ಟ್‌ವೇರ್‌ನಲ್ಲಿ ಜಾಗವೆಲ್ಲ ಬೇರೆ.

ನನ್ನ ಪೆನ್‌ಡ್ರೈವ್ ಹಾಕಿಸಿದೆ — ಹೋದ ತಿಂಗಳು ಎಡಿಟ್ ಮಾಡಿಕೊಟ್ಟ ಸಂಡೂರಿನ ಸೀಮಂತ. ಎಲ್ಲೂ ನಿಲ್ಲದೆ ಓಡಿತು. ಆದರೆ ಎಲ್ಲರ ಮುಖ ಟೊಮೇಟೊ!
"ಈ ಸ್ಕ್ರೀನ್ ಕೆಟ್ಟೈತ್ರಿ," ಅಂದೆ.
ಇನ್ನೊಂದಕ್ಕೆ ಹಾಕಿದ. ಮತ್ತೊಂದಕ್ಕೆ. ಟೊಮೇಟೊ.
"ಮೂರೂ ಕೆಟ್ಟಾವೇನಕ್ಕಾ? ನಿಮ್ಮ ಮನಿದು ನೋಡ್ಕಳ್ರಿ ಮೊದ್ಲು."

ಸಂಜೆ
ನೆನಪಾಯಿತು. ಮೂರು ವರ್ಷದ ಹಿಂದೆ ವಿಡಿಯೊಗಳಲ್ಲಿ ಗಣಿಯ ಕೆಂಪು ಧೂಳು ಕಣ್ಣಿಗೆ ರಾಚುತ್ತದೆಂದು ಮನೆಯ ಮಾನಿಟರಿನಲ್ಲಿ ಕೆಂಪು ಇಳಿಸಿದ್ದೆ. ಆಮೇಲೆ ಮುಖಗಳು ಸಪ್ಪೆ ಕಂಡು, ಪ್ರತಿ ವಿಡಿಯೊಗೂ ಕೆಂಪು ಏರಿಸುತ್ತಾ ಬಂದೆ. ಎಷ್ಟು ಮದುವೆ... ದೇವರೇ.

ಮಲ್ಲಿಕಾರ್ಜುನ್‌ಗೆ ಕೇಳಿದೆ — ಯಾರೂ ಯಾಕೆ ಹೇಳಲಿಲ್ಲ?
"ಸಂಡೂರು ಕಡಿ ಮಂದಿ ಧೂಳು ಅನ್ಕಂಡಾರ್ರಿ! ನಾನೂ ಹಂಗ ಅನ್ಕಂಡಿದ್ದೆ."
ಭಾಳ ನಕ್ಕ. ಆಮೇಲೆ ಮೆತ್ತಗೆ, "ಈ ಸಲ ಹಂಗಾದ್ರ ಕಷ್ಟ ಐತಕ್ಕಾ."

ಮಾರ್ಚ್ 7, ಬೆಳಿಗ್ಗೆ 10
ಹೊಸ ಕಂಪ್ಯೂಟರ್ ತಂದಾಯಿತು, ವಿಡಿಯೊ ನಿಲ್ಲದೆ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಇರುವುದನ್ನೇ. ಸಾಫ್ಟ್‌ವೇರ್ ಫ್ರೀ ಸಿಗುವುದು. ಬಟನ್‌ಗಳ ಜಾಗ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದು ಕಲಿತೆ. ಕಟಿಂಗ್ ಮುಗಿಯಿತು. ಬಣ್ಣವೊಂದೇ ಬಾಕಿ. ಸ್ಕ್ರೀನ್ ಸರಿಯಿದೆ. ಮೂರು ವರ್ಷ ತಪ್ಪು ಬಣ್ಣಕ್ಕೆ ಒಗ್ಗಿದ ನನ್ನ ಕಣ್ಣು?

ಸ್ಕ್ರೀನಿನ ಬಣ್ಣಕ್ಕೆ ತಾಳೆ ನೋಡಲು ದೇವಿಕಾಗೆ ಫೋನ್ ಮಾಡಿ ಧಾರೆ ಸೀರೆಯ ಬಣ್ಣ ಕೇಳಿದೆ. "ಅರಿಶಿಣ ರೀ ಅಕ್ಕಾ." ಹಿಂದಿನಿಂದ ಅವಳ ಅವ್ವ, "ಕೇಸರಿ ಅಲ್ಲೇನಲೇ ಅದು!" ಇಬ್ಬರೂ ಜಗಳಕ್ಕೆ ನಿಂತರು. ಫೋನ್ ಕಟ್ ಆಯಿತು.

11.20
ವಿಡಿಯೊ ಒಯ್ಯಲು ಮಲ್ಲಿಕಾರ್ಜುನ್ ಬೈಕ್ ಹತ್ತಿದ್ದಾನಂತೆ. ಮೆಸೇಜ್ ಹಾಕಿದೆ — ದೇವಿಕಾ, ಸೀರೆ ಹೊರಗ ತಗೊಂಡು ಬಿಸಿಲಿಗಿ ಹಿಡಿಯವ್ವಾ. ಮೊದ್ಲು ಧೂಳು ಝಾಡಿಸು. ಅರಿಶಿಣನೋ ಕೇಸರಿನೋ, ಇನ್ನೊಂದ್ಸಲ ನೋಡಿ ಹೇಳು.