ಮಹಾನಂದಕ್ಕನ ಕಡೆಯ ವಿಡಿಯೊ

ರಾಣೆಬೆನ್ನೂರು
ಫೆಬ್ರುವರಿ 30, 2189, ಭಾನುವಾರ

ಮಾನ್ಯ ಮಹಾನಂದಾ ಕೊಪ್ಪದ ಅವರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಆ ತಿಂಗಳಿಗೆ ಬಹಳ ಕಾಲ ಅನ್ಯಾಯವಾಗಿತ್ತೆಂದು ನಮ್ಮ ಹಿರಿಯರು ಜುಲೈನಿಂದ ಒಂದು ದಿನ, ಆಗಸ್ಟಿನಿಂದ ಒಂದು ದಿನ ಕಿತ್ತು ಇದಕ್ಕೆ ಕೊಟ್ಟರು. ಈ ಪತ್ರದಲ್ಲಿ ನಿಮಗೆ ಅರ್ಥವಾಗದ ಮಾತುಗಳು ಇನ್ನೂ ಬರುತ್ತವೆ, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮನ್ನು ಏನೆಂದು ಕರೆಯಬೇಕೆಂಬುದೂ ನನಗೆ ತೊಡಕಾಗಿದೆ. ಲೆಕ್ಕದ ಪ್ರಕಾರ ನೀವು ನನ್ನ ಮುತ್ತಜ್ಜಿಯ ಅಜ್ಜಿಯ ಕಾಲದವರು. ಆದರೆ ನಾನು ನೋಡಿದ ನಿಮಗೆ ನಲವತ್ತಾರು ವರ್ಷ, ನನಗೆ ಅರವತ್ತೊಂದು. ನಿಮ್ಮನ್ನು ನೋಡುತ್ತಿದ್ದವರೆಲ್ಲ ವಯಸ್ಸಿನ ಗೊಡವೆಯಿಲ್ಲದೆ ಅಕ್ಕಾ ಎನ್ನುತ್ತಿದ್ದರು. ನಾನೂ ಅವರ ಸಾಲಿನಲ್ಲಿ ನಿಂತು ಮಹಾನಂದಕ್ಕ ಎಂದೇ ಕರೆಯುತ್ತೇನೆ.

ನಾನು ತುಂಗವ್ವ ಬಣಕಾರ, ವೃತ್ತಿಯಿಂದ ತೋರುಗಾರ್ತಿ. ನಿಮ್ಮ ಕಾಲದಲ್ಲಿ ಚಾನೆಲ್ ನಡೆಸುವವರು ಎನ್ನುತ್ತಿದ್ದಿರಲ್ಲ, ಅದೇ. ನಮ್ಮ ಊರಿನ ಪ್ರತಿ ಮನೆಯ ಬಾಗಿಲ ಪಕ್ಕದಲ್ಲಿ ಒಂದು ತೋರುಗಾಜು ಇರುತ್ತದೆ. ಬೆಳಿಗ್ಗೆ ಏಳಕ್ಕೆ ನಾನು ಅದರಲ್ಲಿ ಮೂಡುತ್ತೇನೆ. ಜನ ರೊಟ್ಟಿ ತಟ್ಟುತ್ತ, ತಲೆ ಬಾಚುತ್ತ ನನ್ನ ಮಾತು ಕೇಳುತ್ತಾರೆ. ಇಲ್ಲಿ ಹಗಲು ಹನ್ನೊಂದಕ್ಕೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆ ಐದಕ್ಕೆ. ಆ ಆರು ತಾಸಿಗೆ ಮುಚ್ಚುಹೊತ್ತು ಎನ್ನುತ್ತೇವೆ. ಅಷ್ಟು ಬಿಸಿಲು. ಸಂತೆ ಬೆಳಗಿನ ಜಾವವೇ ಕೂಡಿ, ಮೆಣಸಿನಕಾಯಿ ಬಜಿ ಆರಕ್ಕೆಲ್ಲ ಖಾಲಿಯಾಗುತ್ತದೆ. ಅನಿವಾರ್ಯವಾಗಿ ಬಿಸಿಲಿಗಿಳಿಯುವವರು ತಂಪಂಗಿ ತೊಡುತ್ತಾರೆ. ಅದರ ಬಟ್ಟೆಯೊಳಗೆ ಕೂದಲೆಳೆಯಷ್ಟು ಸಣ್ಣ ನಳಿಕೆಗಳಿದ್ದು, ಅವುಗಳಲ್ಲಿ ನೀರು ಹರಿಯುತ್ತಿರುತ್ತದೆ. ಒಬ್ಬರಿಗೆ ಹತ್ತು ವರ್ಷಕ್ಕೆ ಒಂದೇ ತಂಪಂಗಿ. ಹರಿದರೆ ತಾವೇ ತೇಪೆ ಹಾಕಿಕೊಳ್ಳಬೇಕು. ಆ ತೇಪೆ ಹಾಕುವುದನ್ನು ಕಲಿಸುವುದೇ ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ.

ಈಗ ನನ್ನ ಕೈ ನಡುಗುತ್ತದೆ, ಸೂಜಿಯ ಕಣ್ಣು ಕಾಣುವುದಿಲ್ಲ. ಇಳಿಯುವ ಹೊತ್ತಾಯಿತು. ಕೆಲಸದಿಂದ ಇಳಿಯುವ ತೋರುಗಾರರು ಹಿಂದಿನ ಕಾಲದ ತಮ್ಮಂಥವರೊಬ್ಬರನ್ನು ಹುಡುಕಿ ಅವರಿಗೊಂದು ಪತ್ರ ಬರೆದು ಊರ ಗ್ರಂಥಾಲಯದಲ್ಲಿ ಇಡುವುದು ನಮ್ಮಲ್ಲಿ ವಾಡಿಕೆ. ಇದನ್ನು ಇಳಿಯೋಲೆ ಎನ್ನುತ್ತೇವೆ. ಅದು ನಿಮ್ಮನ್ನು ತಲುಪುತ್ತದೆಂದು ನಂಬುವಷ್ಟು ದಡ್ಡಿ ನಾನಲ್ಲ. ಆದರೂ ಬರೆಯುವಾಗ ಬೆನ್ನು ನೆಟ್ಟಗಾಗಿದೆ.

ನನ್ನ ಮುಂದಿರುವ ಪ್ರಶ್ನೆ ಹೇಳಿಬಿಡುತ್ತೇನೆ. ನಮ್ಮ ಬೀದಿಸಭೆಯವರು ನನ್ನ ಪಡಿನೆರಳನ್ನು ಮಾಡಿಸಿದ್ದಾರೆ. ನನ್ನ ಹತ್ತೊಂಬತ್ತು ವರ್ಷದ ಪಾಠಗಳನ್ನೆಲ್ಲ ಕುಡಿಸಿ ಮಾಡಿದ, ನನ್ನ ಮುಖ ನನ್ನ ದನಿಯ ಬೊಂಬೆ ಅದು. ನಾನು ಇಳಿದ ಮೇಲೂ ಅದು ಬೆಳಿಗ್ಗೆ ಏಳಕ್ಕೆ ನಲವತ್ತು ಸಾವಿರ ಬಾಗಿಲುಗಳಲ್ಲಿ ಮೂಡುತ್ತದೆ, ಪಾಠ ಹೇಳುತ್ತದೆ, ಮುದಿಯಾಗುವುದಿಲ್ಲ. ಅದಕ್ಕೆ ನಾಳೆ ಸೋಮವಾರ ನಾನು ಒಪ್ಪಿಗೆಯ ಹೆಬ್ಬೆಟ್ಟು ಒತ್ತಬೇಕು. ಒತ್ತುವವಳೇ ಇದ್ದೆ. ಮಹಾನಂದಕ್ಕ, ನಿಮ್ಮ ಹತ್ತಿರ ಮುಚ್ಚಿಡುವುದೇನು, ಜನ ನನ್ನನ್ನು ಮರೆತುಬಿಡುತ್ತಾರೆ ಎಂಬ ಭಯ ನನಗೆ ಸಾವಿನ ಭಯಕ್ಕಿಂತ ದೊಡ್ಡದಾಗಿತ್ತು.

ಹೀಗಿರುವಾಗ ಇಳಿಯೋಲೆಗೆಂದು ಹಳೆಯ ದಾಖಲೆಗಳಲ್ಲಿ ಹೊಲಿಗೆಯವರನ್ನು ಹುಡುಕುತ್ತ ಹೋದೆ, ನೀವು ಸಿಕ್ಕಿರಿ. ಇದೇ ಊರಿನ ಒಂದು ಕಿರುಕೋಣೆ, ಹಿಂದೆ ಹಸಿರು ಗೋಡೆ, ಒಂದು ಹೊಲಿಗೆ ಮೆಷಿನ್ನು, ಮೊಬೈಲು ಹಿಡಿದು ಕಾಣದಂತೆ ನಿಂತ ನಿಮ್ಮ ಯಜಮಾನರು ಫಕ್ಕೀರಪ್ಪನವರು. ಹನ್ನೊಂದು ವರ್ಷ ನೀವು ಬ್ಲೌಸ್ ಕತ್ತರಿಸುವುದನ್ನು ಕಲಿಸಿದಿರಿ. ಬಟ್ಟೆಯ ಮೇಲೆ ಚಾಕ್ ಎಳೆಯುವಾಗ ನಿಮ್ಮ ನಾಲಿಗೆ ತುಸು ಹೊರಗೆ ಬರುತ್ತದೆ, ಅದು ನಿಮಗೆ ಗೊತ್ತಿತ್ತೋ ಇಲ್ಲವೋ. ನಾನು ಒಂದು ವಾರ ಮುಚ್ಚುಹೊತ್ತಿನಲ್ಲಿ ನಿದ್ದೆ ಬಿಟ್ಟು ನಿಮ್ಮನ್ನೇ ನೋಡಿದೆ. ಇಷ್ಟು ಚೊಕ್ಕವಾಗಿ ಕಲಿಸುವವರು ನಮ್ಮಲ್ಲಿ ಇಲ್ಲ. ನನಗೂ ಅದು ಬಾರದು.

ನಲವತ್ತೊಂದು ಲಕ್ಷ ಜನ ನೋಡಿದ ನಿಮ್ಮ ವಿಡಿಯೊ ಆರ್ಮ್‌ಹೋಲಿನದು, ಅಂದರೆ ಬ್ಲೌಸಿಗೆ ತೋಳು ಕೂರಿಸುವ ಆ ಸುತ್ತಿನದು. ಅದರಲ್ಲಿ ಪ್ರತಿ ಸೈಜಿಗೆ ಇಷ್ಟಿಷ್ಟು ಇಂಚು ಇಳಿಸಬೇಕೆಂದು ಒಂದು ಅಳತೆಪಟ್ಟಿ ಕೊಟ್ಟಿರಿ. ಹೆಂಗಸರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಕೆಳಗೆ ಕಮೆಂಟುಗಳಲ್ಲಿ ನೂರಾರು ಜನ ಒಂದೇ ದೂರು ಹೇಳಿದರು: ಕಂಕುಳ ಹತ್ತಿರ ಜೋಲು ಬರುತ್ತದೆ ಅಕ್ಕಾ, ಯಾಕೆ? ನೀವು ಪ್ರತಿಯೊಬ್ಬರಿಗೂ ಪ್ರೀತಿಯಿಂದ ಉತ್ತರ ಕೊಟ್ಟಿರಿ: ಇನ್ನೂ ಕೈ ಕೂತಿಲ್ಲ, ಮತ್ತೊಮ್ಮೆ ಕತ್ತರಿಸಿ ನೋಡಿ. ಎಂಟು ವರ್ಷ ಹೀಗೇ ನಡೆಯಿತು.

ಆಮೇಲೆ ನಿಮಗೆ ಸಾಕೆನಿಸಿತು. ಕಣ್ಣುರಿ, ಕುತ್ತಿಗೆ ನೋವು, ದಿನಾ ಏನಾದರೂ ತೋರಿಸಲೇಬೇಕೆಂಬ ಒತ್ತಡ. ದೀಪಾವಳಿ ಪಾಡ್ಯಕ್ಕೆ ಮುಗಿಸುವುದೆಂದು ನಿಶ್ಚಯಿಸಿ ವಿದಾಯದ ವಿಡಿಯೊವನ್ನೂ ಮಾಡಿಟ್ಟಿರಿ. ಅದರಲ್ಲಿ ಚೆಂದ ಕಾಣಲೆಂದು ತಂದಿದ್ದ ಹೊಸ ಅಳತೆ ಟೇಪನ್ನು ಹಳೆಯದರ ಪಕ್ಕದಲ್ಲಿ ಇಟ್ಟಾಗ ಎರಡೂ ಹೊಂದಲಿಲ್ಲ. ಹಳೆಯ ಟೇಪಿನ ಮೊದಲ ಇಂಚು ಸವೆದು ಹರಿದಿತ್ತು; ಅದನ್ನು ಎಂದೋ ಕತ್ತರಿಸಿ ಎಸೆದು ಮರೆತಿದ್ದಿರಿ. ನೀವು ಏಳೂವರೆ ಇಂಚು ಎಂದದ್ದೆಲ್ಲ ನಿಜಕ್ಕೂ ಆರೂವರೆ. ಮೈ ಅಳೆದದ್ದೂ ಅದೇ ಟೇಪು, ಬಟ್ಟೆ ಅಳೆದದ್ದೂ ಅದೇ ಟೇಪು, ಹೀಗಾಗಿ ನಿಮ್ಮ ಮೆಷಿನ್ನಿನಿಂದ ಇಳಿದ ಒಂದು ಬ್ಲೌಸೂ ಕೆಡಲಿಲ್ಲ. ಕೆಟ್ಟದ್ದು ಒಳ್ಳೆಯ ಟೇಪು ಹಿಡಿದು ನಿಮ್ಮನ್ನು ನಂಬಿದವರ ಬ್ಲೌಸು.

ವಿದಾಯದ ವಿಡಿಯೊ ತೆಗೆದುಹಾಕಿದಿರಿ. ಪಾಡ್ಯಕ್ಕೆ ಇಳಿಯಬೇಕಾದವರು ಯುಗಾದಿಯವರೆಗೆ ಕೂತಿರಿ. ಜೋಲು ಬಂತೆಂದು ಬರೆದವರ ಕಮೆಂಟುಗಳನ್ನು ಒಂದೊಂದಾಗಿ ಹುಡುಕಿ, ಹೆಸರು ಹಿಡಿದು, ತಪ್ಪು ನನ್ನದು ಎಂದು ಬರೆದಿರಿ. ಎಣಿಸಿದೆ, ಎರಡು ಸಾವಿರದ ಮುನ್ನೂರ ಹದಿನಾಲ್ಕು. ಆ ಹಳೆಯ ವಿಡಿಯೊ ಅಳಿಸಿಬಿಡಿ ಎಂದು ಯಾರೋ ಸಲಹೆ ಕೊಟ್ಟಾಗ, ಅಳಿಸಿದರೆ ಈಗಾಗಲೇ ಬರೆದುಕೊಂಡವರಿಗೆ ಗೊತ್ತಾಗುವುದು ಹೇಗೆ ಎಂದು ಕೇಳಿ, ಅದರ ನೆತ್ತಿಯ ಮೇಲೇ ತಿದ್ದುಪಡಿ ಹಾಕಿದಿರಿ.

ನಿಮ್ಮ ಕಡೆಯ ವಿಡಿಯೊ ನಾಲ್ಕೇ ನಿಮಿಷದ್ದು. ಶುರುವಿನಲ್ಲೇ ಫಕ್ಕೀರಪ್ಪನವರ ದನಿ ಮೊಬೈಲಿನ ಹಿಂದಿನಿಂದ ಕೇಳುತ್ತದೆ. ನೀವು ಅದನ್ನೂ ಕತ್ತರಿಸದೆ ಬಿಟ್ಟಿದ್ದೀರಿ.

"ಹೋಗೋ ಹೊತ್ತಿನ್ಯಾಗ ಯಾಕ ಇದನ್ನ ಮೈಮ್ಯಾಲೆ ಎಳಕೋತಿ? ನಕ್ಕೋಂತ ಕೈ ಮುಗದು ಮುಗಿಸಬಾರದೇನ?"

"ಎಂಟು ವರ್ಷ ಅವರ ಕೈ ಸರಿ ಇಲ್ಲಂತ ಹೇಳೀನ್ರೀ. ಇಲ್ಲದ ತಪ್ಪು ಅವರ ಮ್ಯಾಲೆ ಹೊರಿಸಿ ನಕ್ಕೋಂತ ಹೆಂಗ ಹೋಗ್ಲಿ?"

ಆಮೇಲೆ ನಮ್ಮ ಕಡೆ ತಿರುಗಿ, ಅತ್ತು ಕರೆಯದೆ, ಟೇಪಿನ ಕತೆ ಹೇಳಿದಿರಿ. ಯಾವುದೋ ಕಂಪನಿಯವರು ಬಂದು, ನೀವು ಇಲ್ಲದಿದ್ದರೂ ನಿಮ್ಮ ಮುಖ ದನಿ ಇಟ್ಟುಕೊಂಡು ಚಾನೆಲ್ ನಡೆಸುತ್ತೇವೆ ಎಂದಿದ್ದರಂತೆ. ಅದಕ್ಕೆ ನೀವು ಕೊಟ್ಟ ಉತ್ತರವನ್ನೂ ಹೇಳಿದಿರಿ: "ನನ್ನ ಮಾರಿ ಇಟಗೊಂಡು ಅದು ನಾಳೆ ತಪ್ಪು ಹೇಳಿದ್ರ, ತಿದ್ದಾಕ ನಾ ಇರೂದಿಲ್ಲ. ಅದಕ್ಕ ಬ್ಯಾಡ ಅಂದೆ." ಅಷ್ಟೇ. ಒಂದು ನಮಸ್ಕಾರ. ಆ ವಿಡಿಯೊ ನೋಡಿದವರು ಒಂಬತ್ತು ಸಾವಿರ ಜನ ಮಾತ್ರ.

ನೋಡಿ ನಾನು ಕಣ್ಣೊರೆಸಿಕೊಂಡೆ, ಭೇಷ್ ಎಂದೆ, ನಿಮಗೇ ಇಳಿಯೋಲೆ ಬರೆಯುವುದೆಂದು ತೀರ್ಮಾನಿಸಿದೆ. ಹೆಬ್ಬೆಟ್ಟು ಒತ್ತುವ ಮನಸ್ಸನ್ನು ಮಾತ್ರ ಬದಲಿಸಲಿಲ್ಲ. ಇನ್ನೊಬ್ಬರ ದೊಡ್ಡತನವನ್ನು ಮೆಚ್ಚಿಕೊಂಡು ನಮ್ಮ ಸಣ್ಣತನದಲ್ಲಿ ಆರಾಮಾಗಿ ಕೂರುವುದು ನಿಮ್ಮ ಕಾಲದಲ್ಲೂ ಇತ್ತಲ್ಲವೇ? ನಮ್ಮಲ್ಲೂ ಇದೆ.

ಮೊನ್ನೆ ಶುಕ್ರವಾರ ಕೆರೆ ಓಣಿಯ ಚನ್ನವೀರಮ್ಮ ಮನೆಗೆ ಬಂದರು. ಎಪ್ಪತ್ತೆಂಟು ವರ್ಷದ ಅಜ್ಜಿ, ನನ್ನ ಪಾಠವನ್ನು ಒಂದು ದಿನವೂ ತಪ್ಪಿಸಿದವರಲ್ಲ. ಬುಧವಾರದ ಪಾಠ ಎಷ್ಟು ಚೆನ್ನಾಗಿತ್ತೆಂದು ಬಾಯಿತುಂಬ ಹೊಗಳಿದರು. ಬುಧವಾರ ನಾನು ಜ್ವರ ಬಂದು ಮಲಗಿದ್ದೆ. ಬೀದಿಸಭೆಯವರು ಪರೀಕ್ಷೆಗೆಂದು ಆ ಓಣಿಗೆ ಪಡಿನೆರಳನ್ನು ಬಿಟ್ಟಿದ್ದರು. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲು ನನಗೆ ಹಿಗ್ಗಾಯಿತು. ನಾನಿಲ್ಲದೆಯೂ ಎಷ್ಟು ಚೆನ್ನಾಗಿದ್ದೇನೆ ಎಂದುಕೊಂಡೆ.

ಆಮೇಲೆ ಅವರು ಕೈಚೀಲದಿಂದ ತಂಪಂಗಿ ತೆಗೆದರು. ತೇಪೆಯ ಸುತ್ತ ನಳಿಕೆಗಳೆಲ್ಲ ಸೀಳಿದ್ದವು. ತೇಪೆ ಹಚ್ಚಿದ ಮೇಲೆ ಬಿಸಿ ಇಸ್ತ್ರಿ ಒತ್ತಿದ್ದರು. ಮೊದಲ ವರ್ಷಗಳಲ್ಲಿ ನಾನೇ ಹಾಗೆ ಕಲಿಸುತ್ತಿದ್ದೆ. ಬಿಸಿಗೆ ನಳಿಕೆ ಗಡುಸಾಗಿ ಒಡೆಯುತ್ತದೆಂದು ತಿಳಿದ ದಿನವೇ ಅದನ್ನು ನಿಲ್ಲಿಸಿ, ಬರೀ ಕೈಯಿಂದ ಒತ್ತಿ ಎಂದು ಆರು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಪಡಿನೆರಳಿಗೆ ನನ್ನ ಹಳೆಯದೂ ಒಂದೇ ಹೊಸದೂ ಒಂದೇ. ಅದು ನಾನು ಬಿಟ್ಟ ತಪ್ಪನ್ನು ಹೆಕ್ಕಿ, ನನ್ನ ನಗು ಹಚ್ಚಿ ಹೇಳಿತ್ತು. ಗುರುವಾರ ಸಂತೆಯಲ್ಲಿ ತಡವಾಗಿ, ಹೊತ್ತೇರಿದ ಮೇಲೆ ಬರುವಾಗ ಅಂಗಿ ಸೋರಿ ಒಣಗಿ, ಚನ್ನವೀರಮ್ಮ ಬಿಸಿಲಲ್ಲಿ ತಲೆ ತಿರುಗಿ ಕುಸಿದಿದ್ದರು. ಪಕ್ಕದವರು ಎತ್ತಿ ನೆರಳಿಗೆ ತಂದದ್ದರಿಂದ ಉಳಿದರು.

ನಾನು ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: "ನೀವ ಹೇಳಿದ್ದಂತ ಧೈರ್ಯಲೇ ಮಾಡಿದೆ ನೋಡ್ರೀ. ನನ್ನ ಕೈನ ಸರಿ ಇಲ್ಲ ಕಾಣತೈತಿ, ವಯಸ್ಸಾತು."

ನನ್ನ ಮುಂದೆ ನಿಮ್ಮ ಎರಡು ಸಾವಿರದ ಮುನ್ನೂರ ಹದಿನಾಲ್ಕು ಹೆಂಗಸರು ನಿಂತಂತಾಯಿತು. ಅಜ್ಜಿಯ ಕೈ ಹಿಡಿದು, ಅದು ನಾನಲ್ಲ, ಆದರೂ ತಪ್ಪು ನನ್ನದೇ ಎಂದೆ. ಅವರಿಗೆ ಅದು ಪೂರ್ತಿ ತಿಳಿಯಲಿಲ್ಲ. ಅವರು ಹೋದ ಮೇಲೆ ಬೀದಿಸಭೆಗೆ ಹೋಗಿ ಪಡಿನೆರಳನ್ನು ಕಂಡೆ. ನನ್ನದೇ ಮುಖ. ಚನ್ನವೀರಮ್ಮ ಬಿದ್ದರು ಎಂದೆ. ಅದು ಬಹಳ ಅಂದವಾಗಿ ಕ್ಷಮೆ ಕೇಳಿ, ಮುಂದಿನ ಪಾಠಕ್ಕೆ ಹೋಯಿತು. ಮಹಾನಂದಕ್ಕ, ಅದಕ್ಕೆ ನಿದ್ದೆ ಕೆಡಲಿಲ್ಲ. ನನಗೆ ಎರಡು ದಿನದಿಂದ ಅನ್ನ ಸೇರುತ್ತಿಲ್ಲ.

ಹೀಗಾಗಿ ನಾಳೆ ನಾನು ಹೆಬ್ಬೆಟ್ಟು ಒತ್ತುವುದಿಲ್ಲ. ಸಭೆಯವರು ಬೇಸರಪಡುತ್ತಾರೆ, ಪಡಲಿ. ನಾಳೆಯಿಂದ ನನ್ನ ಪಾಠಗಳನ್ನು ಮೊದಲಿನಿಂದ ತೆಗೆದು ಕೂರುತ್ತೇನೆ. ಇಸ್ತ್ರಿ ಒತ್ತಿ ಎಂದು ಎಲ್ಲೆಲ್ಲಿ ಹೇಳಿದ್ದೇನೋ ಅಲ್ಲೆಲ್ಲ ಬೇಡ ಎಂದು ನನ್ನ ಕೈಯಿಂದಲೇ ಬರೆಯುತ್ತೇನೆ. ಒಂದು ವರ್ಷ ಹಿಡಿದೀತು. ಆಮೇಲೆ ಸೂಜಿ ಇಟ್ಟು ಏಳುತ್ತೇನೆ. ಬೆಳಿಗ್ಗೆ ಏಳಕ್ಕೆ ಕೆರೆ ಓಣಿಯ ಬಾಗಿಲುಗಳಲ್ಲಿ ಇನ್ಯಾರೋ ಮೂಡುತ್ತಾರೆ. ಅವರಿಗೆ ಅವರದೇ ತಪ್ಪುಗಳಿರುತ್ತವೆ, ತಿದ್ದಲು ಅವರೂ ಇರುತ್ತಾರೆ.

ಇಳಿದ ಮೇಲೆ ನೀವೇನು ಮಾಡಿದಿರಿ ಎಂದು ತಿಳಿಯಲು ಬಹಳ ಹುಡುಕಿದೆ. ಆ ನಾಲ್ಕು ನಿಮಿಷದ ನಂತರ ಎಲ್ಲಿಯೂ ನೀವಿಲ್ಲ. ಒಂದು ಫೋಟೊ ಇಲ್ಲ, ಒಂದು ಮಾತಿಲ್ಲ. ಮೊದಮೊದಲು ನನಗೆ ಅದು ಸಂಕಟವಾಗಿತ್ತು, ಅಳಿಸಿಹೋದಿರಲ್ಲ ಎಂದು. ಇವತ್ತು ಹಾಗೆನಿಸುತ್ತಿಲ್ಲ. ನಿಮಗಾಗ ನಲವತ್ತಾರು. ಮುಂದೆ ಮೂವತ್ತು ವರ್ಷವೋ ನಲವತ್ತೋ, ಯಾರಿಗೂ ತೋರಿಸದೆ ಬದುಕಿದಿರಿ. ಆ ವರ್ಷಗಳು ಪೂರ್ತಿ ನಿಮ್ಮವೇ ಆಗಿದ್ದವು. ಅವು ಹೇಗಿದ್ದವೆಂದು ನನಗೆ ಗೊತ್ತಾಗುವುದೇ ಬೇಡ.

ನಿಮ್ಮ ಸಾಲಿನ ಕೊನೆಯಲ್ಲಿ ನಿಂತ,
ತುಂಗವ್ವ ಬಣಕಾರ