ಬೀಗಿತ್ತಿಯವರಿಗೆ, ಹೊಲಿಗೆ ಮಿಷನ್ ವಿಷಯವಾಗಿ

ಬೀಗಿತ್ತಿಯವರಿಗೆ ನಮಸ್ಕಾರ.

ಹೊಲಿಗೆ ಮಿಷನ್ನಿನ ಮುಂದೆ ಕೂತೇ ಐದು ಮಕ್ಕಳನ್ನು ದಡ ಸೇರಿಸಿದವಳು ನಾನು. ಈ ಮನೆಯಲ್ಲಿ ನನ್ನ ಮಾತನ್ನು ಯಾರೂ ತೆಗೆದುಹಾಕುವುದಿಲ್ಲ. ಮಾತಿಗೆ ಮಾತು ಬೆಳೆಯಬಾರದೆಂದು ಬರೆಯುತ್ತಿದ್ದೇನೆ.

ಮಗಳಿಗೆ ನಾನು ಕೊಟ್ಟ ಮಿಷನ್ನನ್ನು "ಕೆಟ್ಟೋಗಿದೆ, ನೀವೇ ಇಟ್ಕೊಳ್ಳಿ" ಎಂದು ಆಟೋದಲ್ಲಿ ಹಾಕಿ ಕಳಿಸಿದಿರಿ. ಬಿಚ್ಚಿ ನೋಡಿದೆ. ಯಾರೋ ಅಡುಗೆ ಎಣ್ಣೆ ಸುರಿದು ಒಳಗೆಲ್ಲ ಅಂಟಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಮಿಷನ್ ಎಣ್ಣೆ ಬಿಟ್ಟೆ. ಬೆಲ್ಟು ಹೊಸದು ಹಾಕಿದೆ. ಸವೆದು ಹರಿದ ಬೆಲ್ಟಿನ ತುದಿ ಎಳೆಎಳೆಯಾಗಿರುತ್ತದೆ. ನಾನು ತೆಗೆದ ಹಳೆಯ ಬೆಲ್ಟಿನ ತುದಿ ಕತ್ತರಿ ಆಡಿಸಿದ ಹಾಗೆ ನೇರವಾಗಿತ್ತು. ಯಾರೆಂದು ನಾನು ಕೇಳುವುದಿಲ್ಲ.

ಮಗಳಿಗೆ ಫೋನ್ ಮಾಡಿದರೆ, "ಬಿಡಮ್ಮ, ಅತ್ತೆಗೆ ಅದರ ಸದ್ದು ಆಗೋದಿಲ್ಲ" ಎಂದಳು.

"ನಿನಗೆ ಹೊಲಿಯೋದು ಬೇಕೋ ಬೇಡ್ವೋ, ಅಷ್ಟು ಹೇಳು."

"ಬೇಕು" ಎಂದಳು. ನನಗೆ ಅಷ್ಟು ಸಾಕಾಯಿತು.

ಬಂದ ನೆಂಟರೆಲ್ಲ "ಇದೇನು, ದರ್ಜಿ ಅಂಗಡಿನಾ?" ಎಂದು ಕೇಳುತ್ತಾರೆಂದು ನಿಮಗೆ ಬೇಸರವಂತೆ. ನ್ಯಾಯವೇ. ಅದಕ್ಕೇ ನಿಮ್ಮ ಎದುರು ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಎಡಗಡೆಯಿಂದ ಬೆಳಕು ಬೀಳುವಂತೆ ಕಿಟಕಿಯ ಪಕ್ಕ ಮಿಷನ್ ಕೂರಿಸಿ, ಅಲುಗಾಡದಂತೆ ಕಾಲಿನಡಿಗೆ ರಬ್ಬರ್ ತುಂಡು ಕೊಟ್ಟೆ. ದಿನವೂ ಒರೆಸಿ ಮುಚ್ಚಿಡಲು ಮಗಳಿಗೆ ಹೇಳಿದ್ದೇನೆ. ನಿಮ್ಮಲ್ಲಿ ಒಂದೇ ಕೋರಿಕೆ: ಅಲ್ಲಿರುವ ಕತ್ತರಿ ಬಟ್ಟೆಗೆ ಮಾತ್ರ.

ಇಂದು ಬೆಳಿಗ್ಗೆ ಬಾಗಿಲು ತೆರೆದಾಯಿತು. ಮೊದಲು ಬಂದವರು ನಿಮ್ಮ ಯಜಮಾನರೇ. ಪ್ಯಾಂಟು ಉದ್ದವಾಗಿತ್ತಂತೆ. ನಿಮ್ಮ ಸೊಸೆ ಮಡಿಸಿ ಹೊಲಿದುಕೊಟ್ಟಳು.

ಇತಿ,
ಅವಳ ತಾಯಿ